ದಾಕ್ಷಕ್ಕನ ಮಾರ್ಕ್ಸು

ದಾಕ್ಷಕ್ಕನ ಹೃದಯ ಬಲಗಡೆಗಿತ್ತು. ಹೊಗಳಿಕೆಗೋ ಚಮತ್ಕಾರಕ್ಕೋ ಹೇಳುತ್ತಿರುವ ಮಾತಲ್ಲ, ನಿಜಕ್ಕೂ ಇತ್ತು. ಹೃದಯವೊಂದೇ ಅಲ್ಲ, ಲಿವರು ಎಡಕ್ಕೆ, ಜಠರ ಬಲಕ್ಕೆ, ಒಳಗಿನದೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲು. ಈ ಸಂಗತಿ ಗೊತ್ತಾಗುವ ಹೊತ್ತಿಗೆ ಅವಳಿಗೆ ಮೂವತ್ತು ದಾಟಿತ್ತು. ಗೊತ್ತಾದ ಮೇಲೆ, ಯಾರಿಗಾದರೂ ಆಣೆ ಮಾಡಿ ಹೇಳಬೇಕಾಗಿ ಬಂದರೆ ಬೇಕೆಂದೇ ಬಲಗಡೆಯ ಎದೆಗೆ ಕೈ ಒತ್ತಿಕೊಂಡು, "ಇಲ್ಲೈತೆ ಕಣೇ ನಂದು. ಎಡಗಡೆ ಮುಟ್ಕಂಡು ಹೇಳಿದ್ರೆ ಸುಳ್ಳಾಗ್ತೈತೆ" ಅನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗು ಮುಗಿಯುವ ಮೊದಲೇ ಕೆಮ್ಮು ಬಂದು ನಗುವನ್ನು ನುಂಗಿಬಿಡುತ್ತಿತ್ತು.

ದಾಕ್ಷಾಯಣಿ ನನ್ನ ದೊಡ್ಡಮ್ಮನ ಮಗಳು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನಾನು ಹೈಸ್ಕೂಲು ಓದುವುದಕ್ಕೆಂದು ತುರುವೇಕೆರೆಯ ದೊಡ್ಡಮ್ಮನ ಮನೆ ಸೇರಿದಾಗ ಅವಳು ಓದು ನಿಲ್ಲಿಸಿ ಮನೆಯಲ್ಲಿದ್ದಳು. ಕ್ಲಾಸಿನಲ್ಲಿ ಕೆಮ್ಮಿದರೆ ಮೇಷ್ಟ್ರ ಪಾಠ ನಿಂತುಹೋಗುತ್ತಿತ್ತಂತೆ, ಹುಡುಗಿಯರು ಪಕ್ಕದಲ್ಲಿ ಕೂರುತ್ತಿರಲಿಲ್ಲವಂತೆ. ಒಣ ಕೆಮ್ಮಲ್ಲ ಅದು. ಎದೆಯ ತಳದಿಂದ ಕಫ ಕಲಕಿಕೊಂಡು ಬರುವ ಕೆಮ್ಮು. ಬೀದಿಯ ತಿರುವಿನಲ್ಲಿ ಅವಳು ಇನ್ನೂ ಕಾಣಿಸುವ ಮೊದಲೇ ಕೆಮ್ಮು ಕೇಳಿಸುತ್ತಿತ್ತು, ದೊಡ್ಡಮ್ಮ ಒಳಗೆ ಆಗಲೇ ಕಾಫಿಗೆ ಹಾಲು ಇಡುತ್ತಿದ್ದರು. ರಾತ್ರಿ ಅವಳ ಪಕ್ಕದಲ್ಲೇ ನನ್ನ ಹಾಸಿಗೆ. ಮೊದಮೊದಲು ನಿದ್ದೆ ಬರುತ್ತಿರಲಿಲ್ಲ. ಆಮೇಲಾಮೇಲೆ ರಜೆಗೆ ನಮ್ಮೂರಿಗೆ ಹೋದರೆ ಆ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ.

ನಮ್ಮ ಕಡೆ ಮನೆಮನೆಗೂ ಅಟ್ಟದ ತುಂಬ ತೆಂಗಿನಕಾಯಿ. ವರ್ಷಗಟ್ಟಲೆ ಅಲ್ಲೇ ಬಿದ್ದು, ಒಳಗಿನ ನೀರೆಲ್ಲ ಇಂಗಿದ ಮೇಲೆ ಕೊಬ್ಬರಿ. ದಾಕ್ಷಕ್ಕ ತನ್ನ ಎದೆಯನ್ನು ತೋರಿಸಿ, "ಇದು ಅಟ್ಟದ ಮೇಲೆ ಎಷ್ಟು ವರ್ಷ ಇಟ್ರೂ ನೀರಿಂಗದ ಕಾಯಿ ಕಣೇ ಸರೋಜ. ಅಲ್ಲಾಡಿಸಿ ನೋಡು, ಗುಳುಗುಳು ಅಂತೈತೆ" ಅನ್ನುತ್ತಿದ್ದಳು. ನಾನು ಅವಳ ಬೆನ್ನಿಗೆ ಕಿವಿಯಿಟ್ಟು ಕೇಳುತ್ತಿದ್ದೆ. ನಿಜವಾಗಿಯೂ ಹಾಗೇ ಕೇಳಿಸುತ್ತಿತ್ತು.

ಮಾಡದ ಔಷಧವಿಲ್ಲ. ದೊಡ್ಡಪತ್ರೆ ರಸ, ಮೆಣಸಿನ ಕಷಾಯ, ಅರಳಗುಪ್ಪೆಯ ಕಡೆಯವರೊಬ್ಬರು ಕೊಡುತ್ತಿದ್ದ ಬೇರಿನ ಪುಡಿ. ಹಾಗೂ ಹೋಗದಿದ್ದಾಗ ಡಾಕ್ಟರೊಬ್ಬರು ಟಿ.ಬಿ. ಅಂದರು. ತಿಂಗಳುಗಟ್ಟಲೆ ಮಾತ್ರೆ ನುಂಗಿ ಮುಗಿಸಿದಳು. ಕೆಮ್ಮು ಇದ್ದಲ್ಲೇ ಇತ್ತು. ಕೆಲವು ವರ್ಷ ಬಿಟ್ಟು ಇನ್ನೊಬ್ಬರು ಮತ್ತೆ ಟಿ.ಬಿ. ಅಂದರು. ಮತ್ತೆ ಅಷ್ಟೂ ಮಾತ್ರೆ. ಊರಿನ ಬಾಯಿಗೆ ಟಿ.ಬಿ. ಅನ್ನುವ ಮಾತು ಒಂದು ಸಲ ಬಿದ್ದರೆ ಸಾಕಲ್ಲ, ಗಂಡಿನ ಕಡೆಯವರು ಬರುವುದೇ ಕಡಿಮೆಯಾಯಿತು.

ಬಂದವರ ಮುಂದೆ ನಡೆದದ್ದೊಂದು ನನಗೆ ಚೆನ್ನಾಗಿ ನೆನಪಿದೆ. ಚಿಕ್ಕನಾಯಕನಹಳ್ಳಿಯ ಕಡೆಯ ಗಂಡು, ತೋಟ ತುಡಿಕೆ ಚೆನ್ನಾಗಿದ್ದ ಮನೆ. ದಾಕ್ಷಕ್ಕ ಹಸಿರು ರೇಷ್ಮೆ ಸೀರೆ ಉಟ್ಟು ಕಾಫಿ ತಂದಳು. ಒಳಗಿನಿಂದ ನೋಡುತ್ತಿದ್ದ ನನಗೆ ಅವಳ ಕುತ್ತಿಗೆಯ ನರ ಉಬ್ಬಿರುವುದು ಕಾಣುತ್ತಿತ್ತು. ಕಣ್ಣಲ್ಲಿ ನೀರು ತುಂಬಿತ್ತು. ಗಂಡಿನ ತಾಯಿ, "ಯಾಕವ್ವ, ನಾಚಿಕೆಗೆ ಅಳ್ತೀಯಾ?" ಅಂದರು. ಆ ಮಾತಿಗೆ ಉತ್ತರ ಹೇಳಲು ಬಾಯಿ ತೆರೆದಳು ನೋಡಿ, ತಡೆದಿದ್ದ ಕೆಮ್ಮೆಲ್ಲ ಒಟ್ಟಿಗೆ ಬಂತು. ನಿಲ್ಲಲೇ ಇಲ್ಲ. ಅವರು ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟು ಎದ್ದರು. ಆ ಸಂಜೆ ಎಲ್ಲರೂ ಮುಖ ಬಾಡಿಸಿಕೊಂಡು ಕೂತಿದ್ದಾಗ ಅವಳೇ, "ಕಾಫಿತನಕ ತಡ್ಕಂಡೆ ಕಣೇ. ಉಪ್ಪಿಟ್ಟುತನಕ ಆಗ್ಲಿಲ್ಲ. ಉಳಿದೈತಲ್ಲ, ತಿನ್ನಾನ ಬಾ" ಅಂತ ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಇಬ್ಬರೂ ಅಡಿಗೆಮನೆಯಲ್ಲಿ ಕೂತು ತಿಂದೆವು. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

ಆಮೇಲೆ ಮದುವೆಯ ಮಾತು ತಾನಾಗಿ ನಿಂತಿತು. ನಾನು ಮದುವೆಯಾಗಿ ತಿಪಟೂರಿಗೆ ಬಂದೆ, ಅಲ್ಲೇ ಒಂದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ದಾಕ್ಷಕ್ಕ ತಮ್ಮ ಶೇಖರನ ಸಂಸಾರದ ಜೊತೆಗೇ ಉಳಿದಳು. ತುರುವೇಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಫ್ಯಾನ್ಸಿ ಸ್ಟೋರ್ ಹಾಕಿಕೊಂಡಳು. ಬಳೆ, ಟೇಪು, ಹೇರ್‌ಪಿನ್ನು, ಕುಂಕುಮ. ಬಳೆ ತೊಡಿಸುವುದರಲ್ಲಿ ಅವಳ ಕೈ ಬಲು ಮೆತ್ತಗೆ. ಕೈ ಹಿಂಡಿ ಗಾಜಿನ ಬಳೆ ಏರಿಸುವಾಗ ನೋವಾಗದ ಹಾಗೆ ಏನಾದರೊಂದು ಮಾತಾಡಿಸುತ್ತಿದ್ದಳು. ಹಾಗಾಗಿ ಸುತ್ತಲ ಊರಿನ ಹೆಂಗಸರ ಕಷ್ಟಸುಖವೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಹೇಳುವಷ್ಟು ಹೇಳಿಸಿ ಕೊನೆಗೆ ಅವಳದು ಒಂದೇ ಮಾತು, "ಆಯ್ತು ಬುಡು, ಅತ್ಲಾಗೆ." ಅದನ್ನು ಅವಳು ಹೇಳುತ್ತಿದ್ದ ರೀತಿಯಲ್ಲಿ ಎಂಥದೋ ಸಮಾಧಾನವಿರುತ್ತಿತ್ತು. ಬಂದವರು ಹಗುರಾಗಿ ಹೋಗುತ್ತಿದ್ದರು.

ಕಾಯಿಲೆಗೆ ಹೆಸರು ಸಿಕ್ಕಿದ್ದು ಆಕಸ್ಮಿಕವಾಗಿ. ಒಂದು ಮಳೆಗಾಲ ಜ್ವರ ಬಂದು ಇಳಿಯದೆ ಹೋದಾಗ ತಿಪಟೂರಿಗೆ ಕರೆಸಿಕೊಂಡು ಎಕ್ಸ್‌ರೇ ತೆಗೆಸಿದೆ. ಎಕ್ಸ್‌ರೇಯವನು ಫಿಲಂ ನೋಡಿ ಸಿಡುಕಿದ. "ಏನಮ್ಮ, ಹೇಳಿದಂಗೆ ನಿಂತ್ಕೊಳಕ್ಕಾಗಲ್ವಾ? ಉಲ್ಟಾ ಬಂದೈತೆ" ಅಂತ ಮತ್ತೊಂದು ತೆಗೆದ. ಅದೂ ಹಾಗೇ. ಮೂರನೆಯದಕ್ಕೆ ಅವನು ಕೈಚೆಲ್ಲಿ ಡಾಕ್ಟರನ್ನು ಕರೆತಂದ. ಅವರು ಸ್ಟೆತಾಸ್ಕೋಪನ್ನು ಎಡಕ್ಕಿಟ್ಟರು, ಬಲಕ್ಕಿಟ್ಟರು, ಮತ್ತೆ ಎಡಕ್ಕಿಟ್ಟರು. "ಇಷ್ಟು ವರ್ಷ ಯಾರೂ ನೋಡಲಿಲ್ಲವಾ?" ಅಂದರು. ನೋಡಿದ್ದರು. ಹಿಂದಿನವರು ಫಿಲಮನ್ನೇ ತಿರುಗಿಸಿ ಹಿಡಿದು ಸರಿ ಮಾಡಿಕೊಂಡು ನೋಡಿದ್ದರು.

ಅಲ್ಲಿಂದ ಬೆಂಗಳೂರಿನ ಒಂದು ಎದೆರೋಗದ ಆಸ್ಪತ್ರೆ. ಅಲ್ಲಿನ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಉಸಿರಿನ ಕೊಳವೆಗಳ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ. ಗಾಳಿಗೆ ಪೈರು ತೂಗುವ ಹಾಗೆ ಒಟ್ಟಿಗೆ ಆಡುತ್ತ ಕಫವನ್ನು, ಧೂಳನ್ನು ಮೇಲಕ್ಕೆ ನೂಕುತ್ತಿರುತ್ತವೆ. ದಾಕ್ಷಕ್ಕನಲ್ಲಿ ಅವು ಆಡುವುದಿಲ್ಲ. ಹುಟ್ಟುವಾಗಲೇ ಹಾಗೆ. ಕಫ ಅಲ್ಲೇ ನಿಂತು, ಕೆಟ್ಟು, ಶ್ವಾಸಕೋಶವನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತದೆ. ಇಂಥವರಲ್ಲಿ ಎಷ್ಟೋ ಜನರಿಗೆ ಒಳಗಿನ ಅಂಗಗಳೂ ಎಡಬಲವಾಗಿರುತ್ತವೆ. ಬಹಳ ಅಪರೂಪದ್ದು, ವಂಶದಲ್ಲಿ ಬರುವಂಥದ್ದು. "ತಂದೆ ತಾಯಿ ಸಂಬಂಧಿಕರಾ?" ಅಂತ ಕೇಳಿದರು. ದೊಡ್ಡಮ್ಮ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು.

"ವಾಸಿಯಾಗಲ್ವಾ ಸಾರ್?" ಅಂದಳು ದಾಕ್ಷಕ್ಕ.

"ಇಲ್ಲಮ್ಮ. ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸಿಕೊಳ್ಳೋಣ. ಎಷ್ಟಿದೆ ಅಂತ ಆಗಾಗ ಅಳೆದು ನೋಡ್ತಾ ಇರ್ಬೇಕು."

ಹಾಗೆ ಶುರುವಾಯಿತು ನಮ್ಮ ಅಳತೆಯ ಪ್ರಯಾಣ. ಮೂರು ನಾಲ್ಕು ತಿಂಗಳಿಗೊಮ್ಮೆ ಬೆಳಗಿನ ರೈಲಿಗೆ ನಾನು ತಿಪಟೂರಿನಲ್ಲಿ ಹತ್ತಿ ಸೀಟು ಹಿಡಿದಿರುತ್ತಿದ್ದೆ. ಅವಳು ಬಾಣಸಂದ್ರದಲ್ಲಿ ಹತ್ತುತ್ತಿದ್ದಳು. ಆಸ್ಪತ್ರೆಯ ಮೊದಲ ಮಹಡಿಯಲ್ಲಿ ಗಾಜಿನ ಬಾಗಿಲಿನ ಪುಟ್ಟ ಕೋಣೆ, ಒಂದು ಕಂಪ್ಯೂಟರು, ಅದಕ್ಕೆ ಜೋಡಿಸಿದ ಕೊಳವೆ. ಪರೀಕ್ಷೆ ಮಾಡುವ ಹುಡುಗಿ ರೇಖಾ, ಹಾಸನದ ಕಡೆಯವಳು. ದಾಕ್ಷಕ್ಕನ ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ರಟ್ಟಿನ ಕೊಳವೆ ಕೊಟ್ಟು, "ಪೂರ್ತಿ ಒಳಗೆ ಎಳ್ಕೊಳಿ ಅಕ್ಕಾ, ಇನ್ನೂ, ಇನ್ನೂ, ಈಗ ಜೋರಾಗಿ ಊದಿ! ಊದಿ ಊದಿ ಊದಿ, ನಿಲ್ಲಿಸ್ಬೇಡಿ, ಇನ್ನೂ ಐತೆ ಒಳಗೆ, ಹಾಕಿ ಹಾಕಿ ಹಾಕಿ!" ಅಂತ ಕಬಡ್ಡಿ ಆಟಕ್ಕೆ ಕೂಗಿದ ಹಾಗೆ ಕೂಗುತ್ತಿದ್ದಳು. ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಗೆ ಬಂತು ಅನ್ನುವುದೇ ಮುಖ್ಯ. ಅದೇ ವಯಸ್ಸಿನ, ಅದೇ ಎತ್ತರದ ಆರೋಗ್ಯವಂತ ಹೆಂಗಸಿಗೆ ನೂರು ಅಂದರೆ ಇವಳದೆಷ್ಟು ಅಂತ ಲೆಕ್ಕ ಬರುತ್ತಿತ್ತು. ಮೊದಲ ಸಲ ಬಂದದ್ದು ಅರವತ್ತೊಂದು.

"ಫಸ್ಟ್‌ ಕ್ಲಾಸು!" ಅಂದಳು ದಾಕ್ಷಕ್ಕ. "ಸ್ಕೂಲಲ್ಲಿ ಒಂದಿನಾನೂ ಬರ್ಲಿಲ್ಲ ಕಣೇ ನಂಗೆ."

ಅಂದಿನಿಂದ ಅದು ಮಾರ್ಕ್ಸು. ಪರೀಕ್ಷೆಗೆ ಓದುವವರ ಹಾಗೆ ತಯಾರಾಗುತ್ತಿದ್ದಳು. ದಿನಾ ಬೆಳಿಗ್ಗೆ ಮಂಚದ ಅಂಚಿನಿಂದ ತಲೆ ಕೆಳಗೆ ಇಳಿಬಿಟ್ಟು ಬೋರಲು ಮಲಗುವಳು. ಶೇಖರನ ಹೆಂಡತಿ ಸವಿತಾ ಅಂಗೈ ಗುಳಿ ಮಾಡಿ ಬೆನ್ನು ತಟ್ಟುವಳು. ತಟ್ಟಿ ತಟ್ಟಿ ಕಫ ಸಡಿಲವಾಗಿ ಹೊರಗೆ ಬರಬೇಕು. ಅದೇ ಔಷಧ, ಉಪ್ಪುನೀರಿನ ಹಬೆ ಇನ್ನೊಂದು. ಮದುವೆಮನೆಯಿರಲಿ ಹಬ್ಬವಿರಲಿ, ಇದನ್ನು ಮಾಡದೆ ಅವಳು ಹೊರಡುತ್ತಿರಲಿಲ್ಲ. ಆದರೂ ಎಷ್ಟು ಮಾಡಿದರೆ ಎಷ್ಟು ಬರುತ್ತದೆ ಅನ್ನುವ ನಂಟು ಇರಲಿಲ್ಲ. ಒಂದು ದಿನವೂ ತಪ್ಪಿಸದೆ ಮಾಡಿಸಿಕೊಂಡು ಹೋದಾಗ ಮೂರು ಕಡಿಮೆ ಬಂದದ್ದಿದೆ. ಜ್ವರದಲ್ಲಿ ಬಿದ್ದೆದ್ದು ಹೋದಾಗ ಒಂದು ಹೆಚ್ಚು ಬಂದದ್ದಿದೆ. ಹೆಚ್ಚು ಬಂದ ದಿನ ರೈಲಿನಲ್ಲಿ ಕಡ್ಲೆಕಾಯಿ ಕೊಡಿಸುತ್ತಿದ್ದಳು. ಆದರೆ ಮೇಲೆ ಹೋದದ್ದು ಮೇಲೆ ನಿಲ್ಲುತ್ತಿರಲಿಲ್ಲ. ಐವತ್ತೆಂಟು, ಐವತ್ತೊಂಬತ್ತು, ಐವತ್ತೈದು, ಐವತ್ತೊಂದು.

ಪರದೆಯ ಮೇಲೆ ಮೂಡುವ ಗೆರೆಯನ್ನು ರೇಖಾ ತೋರಿಸುತ್ತಿದ್ದಳು. ಚೆನ್ನಾಗಿರುವವರದು ಗುಡ್ಡದ ಹಾಗೆ ಚೂಪಾಗಿ ಏರಿ ನೇರ ಇಳಿಯುತ್ತದೆ. ಇವಳದು ಏರುವುದೇ ಸ್ವಲ್ಪ, ಇಳಿಯುವಾಗ ಬಗ್ಗಿದ ಬೆನ್ನಿನ ಹಾಗೆ ಒಳಕ್ಕೆ ಗುಳಿ ಬೀಳುತ್ತಿತ್ತು. ದಾಕ್ಷಕ್ಕ ಹೊಸ ಗೆರೆ, ಹಳೆ ಗೆರೆ ಎರಡನ್ನೂ ನೋಡಿ, "ಚಿಕ್ಕನಾಯಕನಹಳ್ಳಿ ಕಡೆ ಗಣಿಯೋರು ಗುಡ್ಡ ಕಡಿದಂಗೆ ಕಡೀತಾ ಅವ್ರೆ ಕಣವ್ವ ಯಾರೋ ಒಳಗೆ ಕೂತ್ಕಂಡು" ಅಂದಳು. ರೇಖಾ ನಗಬೇಕೋ ಬೇಡವೋ ತಿಳಿಯದೆ ನನ್ನ ಕಡೆ ನೋಡಿದಳು. "ಇನ್ನೊಂದು ಸಲ ಊದ್ತೀನಿ, ಈಗ ಸರಿಯಾಗಿ ಆಗ್ಲಿಲ್ಲ" ಅಂತ ದಾಕ್ಷಕ್ಕ ಪ್ರತಿ ಸಲವೂ ಕೇಳುವಳು. ರೇಖಾ ಇಲ್ಲವೆನ್ನದೆ ಊದಿಸುವಳು. ಅದು ಹಿಂದಿನದಕ್ಕಿಂತ ಕಡಿಮೆಯೇ ಬರುತ್ತಿತ್ತು, ದಣಿದಿರುತ್ತಿದ್ದಳಲ್ಲ.

ಊರಿಗೆ ಬಂದರೆ ಅಂಗಡಿಗೆ ಬಂದವರೆಲ್ಲ "ಎಷ್ಟು ಬಂತು ದಾಕ್ಷಕ್ಕ?" ಅಂತ ಕೇಳುತ್ತಿದ್ದರು. ನಾನೊಮ್ಮೆ ಅಲ್ಲೇ ಕೂತಿದ್ದೆ. ಅವಳು ಬಳೆ ಏರಿಸುತ್ತ, ಕಣ್ಣೆತ್ತದೆ, "ಅರವತ್ತು" ಅಂದಳು. ಬಂದಿದ್ದದ್ದು ನಲವತ್ತೊಂಬತ್ತು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಇರ್ಲಿ ಬುಡು. ಅವ್ರಾದ್ರೂ ಖುಷಿಯಾಗಿರ್ಲಿ" ಅಂದಳು.

ಕೊರೊನಾ ಬಂದದ್ದು ಎಲ್ಲರಿಗೂ ಕಷ್ಟವೇ. ದಾಕ್ಷಕ್ಕನಿಗೆ ರೋಗ ತಗಲಲಿಲ್ಲ, ಜನ ಮಾತ್ರ ದೂರವಾದರು. ಕೆಮ್ಮುವ ಹೆಂಗಸಿನ ಕೈಯಲ್ಲಿ ಬಳೆ ಯಾರು ತೊಡಿಸಿಕೊಳ್ಳುತ್ತಾರೆ? ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಎಲ್ಲ ತೆರೆದು ಮತ್ತೆ ರೈಲು ಹತ್ತಿದ ಮೊದಲ ದಿನ ಬೋಗಿಯಲ್ಲಿ ಅವಳು ಕೆಮ್ಮಿದ ಕೂಡಲೇ ಪಕ್ಕದವರು ಎದ್ದು ನಿಂತರು. ಒಬ್ಬ, "ಏನ್ರೀ, ಇಂಥೋರನ್ನ ಹತ್ತಿಸ್ಕೊಂಡು ಬರ್ತೀರಲ್ಲ, ಬುದ್ಧಿ ಇಲ್ವಾ? ಮುಂದಿನ ಸ್ಟೇಷನ್ನಲ್ಲಿ ಇಳೀರಿ" ಅಂತ ನನ್ನ ಮೇಲೆ ರೇಗಿದ. ದಾಕ್ಷಕ್ಕ ಮಾಸ್ಕನ್ನು ಸರಿಮಾಡಿಕೊಂಡು ನಿಧಾನವಾಗಿ ಹೇಳಿದಳು:

"ನಂದು ಹುಟ್ಟಿದಾಗಿಂದ ಇರೋದು ಕಣಪ್ಪ. ನಮ್ಮಪ್ಪ ನಮ್ಮಮ್ಮ ಸೇರಿ ಕೊಟ್ಟಿದ್ದು. ನಿಂಗೆ ಬೇಕು ಅಂದ್ರೂ ಬರಲ್ಲ, ಕೂತ್ಕ."

ಸುತ್ತ ಇದ್ದವರು ನಕ್ಕರು. ಅವನು ಕೂರಲಿಲ್ಲ, ಮುಂದಿನ ಬೋಗಿಗೆ ಹೋದ. ಗುಬ್ಬಿ ದಾಟಿದ ಮೇಲೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಬೆಂಗಳೂರಿನವರೆಗೂ ಕೆಮ್ಮನ್ನು ಸೆರಗಿನಲ್ಲಿ ಒತ್ತಿ ಹಿಡಿದಿದ್ದಳು. ಅವತ್ತು ಬಂದದ್ದು ನಲವತ್ತಮೂರು.

ಅದರ ಮರುವರ್ಷವೇ ಚೈತ್ರಳ ಮದುವೆಯ ಮಾತು ಎದ್ದಿತು. ಚೈತ್ರ ಶೇಖರನ ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ಸವಿತಳಿಗಿಂತ ಹೆಚ್ಚಾಗಿ ದಾಕ್ಷಕ್ಕನ ಮಡಿಲಲ್ಲೇ ಬೆಳೆದವಳು. ದಾಕ್ಷಕ್ಕನ ಅಕ್ಕ ಪುಷ್ಪಕ್ಕನನ್ನು ಕೊಟ್ಟಿದ್ದದ್ದು ಹುಳಿಯಾರಿನ ಕಡೆ, ಬೋರನಕಣಿವೆಯ ಹತ್ತಿರ. ಪುಷ್ಪಕ್ಕ ತನ್ನ ಮಗ ನವೀನನಿಗೆ ಚೈತ್ರಳನ್ನು ಕೇಳಿದಳು. ಸೋದರತ್ತೆಯ ಮಗ, ನಮ್ಮಲ್ಲಿ ಕೇಳುವುದೇ ಹಾಗೆ. ಅದಕ್ಕಿಂತ ಹೆಚ್ಚಾಗಿ ಆ ಇಬ್ಬರು ಚಿಕ್ಕಂದಿನಿಂದ ಒಬ್ಬರನ್ನೊಬ್ಬರು ಇಷ್ಟಪಟ್ಟವರು. ಎಲ್ಲರಿಗೂ ಸಂತೋಷ, ದಾಕ್ಷಕ್ಕನೊಬ್ಬಳಿಗೆ ಬಿಟ್ಟು.

ಅವಳು ಡಾಕ್ಟರನ್ನು ಕೇಳಿಕೊಂಡು ಬಂದಿದ್ದಳು. ದೊಡ್ಡಮ್ಮ ದೊಡ್ಡಪ್ಪ ಇಬ್ಬರಲ್ಲೂ ಆ ಕಾಯಿಲೆಯ ಬೀಜ ಇದ್ದಿರಲೇಬೇಕು, ಆದ್ದರಿಂದಲೇ ಇವಳಿಗೆ ಬಂತು. ಶೇಖರನಿಗೂ ಪುಷ್ಪಕ್ಕನಿಗೂ ಅದು ಹೊರಗೆ ಕಾಣದಂತೆ ಒಳಗೆ ಇರಬಹುದು, ಅವರಿಂದ ಮಕ್ಕಳಿಗೂ ಬಂದಿರಬಹುದು. ಹುಡುಗ ಹುಡುಗಿ ಇಬ್ಬರಲ್ಲೂ ಇದ್ದರೆ ಹುಟ್ಟುವ ಮಗುವಿಗೆ ಕಾಯಿಲೆ ಬರಬಹುದು. ಇಬ್ಬರ ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಅಷ್ಟೇ ಅವಳು ಕೇಳಿದ್ದು, ಪರೀಕ್ಷೆ ಮಾಡಿಸಿ ಆಮೇಲೆ ಮಾತಾಡಿ ಅಂತ.

ಪುಷ್ಪಕ್ಕ ನಡುಮನೆಯಲ್ಲಿ ನಿಂತು ಕೂಗಾಡಿದಳು. "ನನ್ ಮಗನ ರಕ್ತ ಯಾಕೆ ಕೊಡ್ಲಿ? ಕಲ್ಲುಗುಂಡು ಇದ್ದಂಗವ್ನೆ. ನಿಂಗೆ ಬಂತು ಅಂತ ಊರಿಗೆಲ್ಲ ಬರ್ತದೇನೇ? ನೀನು ಸಂಸಾರ ಮಾಡ್ಲಿಲ್ಲ, ಮಕ್ಕಳಾದ್ರೂ ಮಾಡ್ಲಿ ಬುಡು!"

ಶೇಖರ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಎರಡು ಕಡೆಯೂ ಅಕ್ಕಂದಿರೇ. ಚೈತ್ರ ಬಾಗಿಲ ಹಿಂದೆ ಅಳುತ್ತಿದ್ದಳು.

ಮುಂದಿನ ಪರೀಕ್ಷೆಗೆ ಹೊರಟಾಗ ದಾಕ್ಷಕ್ಕ, "ಸರೋಜಂಗೆ ಮೈ ಹುಷಾರಿಲ್ವಂತೆ, ನೀನೂ ಬಾ ಚೈತ್ರ" ಅಂತ ಕರೆದುಕೊಂಡು ಬಂದಳು. ನಾನು ಹುಷಾರಾಗಿಯೇ ತಿಪಟೂರಿನಿಂದ ರೈಲಿನಲ್ಲಿ ಬರುತ್ತಿದ್ದೆ. ಬಾಣಸಂದ್ರದಲ್ಲಿ ಹತ್ತಿದ ಚೈತ್ರ ನನ್ನನ್ನು ನೋಡಿ ಅತ್ತೆಯ ಮುಖ ನೋಡಿದಳು.

ಮನೆಯಲ್ಲಿ ಚೈತ್ರಳಿಗೆ ಅತ್ತೆಯ ಕೆಮ್ಮು ಗೋಡೆ ಗಡಿಯಾರದ ಸದ್ದಿನ ಹಾಗೆ, ಕೇಳಿ ಕೇಳಿ ಕೇಳಿಸದೆ ಹೋದದ್ದು. ಆ ದಿನ ಗಾಜಿನ ಬಾಗಿಲಿನ ಆಚೆ ನಿಂತು ನೋಡಿದಳು. ಮೂಗಿಗೆ ಕ್ಲಿಪ್ಪು. ಎರಡು ಕೈಯಲ್ಲೂ ಕುರ್ಚಿಯ ಹಿಡಿ ಹಿಡಿದು ದಾಕ್ಷಕ್ಕ ಊದುತ್ತಿದ್ದಾಳೆ. ರೇಖಾ ಕೂಗುತ್ತಿದ್ದಾಳೆ, ಇನ್ನೂ ಐತೆ, ಹಾಕಿ, ಹಾಕಿ. ಮುಖ ಕೆಂಪಾಯಿತು, ನೀಲಿಗಟ್ಟಿತು, ಕತ್ತಿನ ನರ ಹಗ್ಗದ ಹಾಗೆ ಎದ್ದಿತು, ಒಳಗೆ ಏನೂ ಉಳಿದಿಲ್ಲದಿದ್ದರೂ ಊದುತ್ತಲೇ ಇದ್ದಳು. ಕೊಳವೆ ತೆಗೆದದ್ದೇ ಮುಂದಕ್ಕೆ ಬಾಗಿ ಕೆಮ್ಮಿದಳು. ಒರೆಸಿಕೊಂಡ ಕಾಗದದಲ್ಲಿ ರಕ್ತದ ಎಳೆ ಇತ್ತು. ಕಾಗದವನ್ನು ಮಡಿಚಿ, ಮೂಗಿನ ಕ್ಲಿಪ್ಪನ್ನು ತಾನೇ ಹಾಕಿಕೊಂಡು, "ಇನ್ನೊಂದು ಸಲ" ಅಂದಳು.

ವಾಪಸ್ ಬರುವಾಗ ತುಮಕೂರು ದಾಟಿದ ಮೇಲೆ ಚೈತ್ರಳೇ ಅಂದಳು:

"ಅತ್ತೆ, ನಾನು ನವೀನನ್ನ ಮದುವೆ ಆಗಲ್ಲ. ಅಪ್ಪಂಗೆ ಹೇಳ್ತೀನಿ."

"ನಾನೇನೂ ಹೇಳ್ಲಿಲ್ಲ ಕಣೇ ಚೈತ್ರ."

"ಹೇಳೋದು ಯಾಕೆ ಬೇಕು? ತೋರಿಸಿದೆಯಲ್ಲ."

ಆ ಮದುವೆ ನಿಂತುಹೋಯಿತು. ಪುಷ್ಪಕ್ಕ ತುರುವೇಕೆರೆಯ ಮನೆ ಮೆಟ್ಟಿಲು ಹತ್ತುವುದು ಬಿಟ್ಟಳು. ಚೈತ್ರ ಅತ್ತೆಗೆ ಊಟ ಬಡಿಸುತ್ತಿದ್ದಳು, ಮಾತ್ರೆ ಕೊಡುತ್ತಿದ್ದಳು, ಹತ್ತಿರ ಕೂತು ಮಾತಾಡುವುದು ಮಾತ್ರ ನಿಂತಿತು. ಮರುವರ್ಷ ಅರಸೀಕೆರೆಯ ಕಡೆಯ, ಯಾವ ಸಂಬಂಧವೂ ಇಲ್ಲದ ಮನೆಗೆ ಮದುವೆಯಾಗಿ ಹೋದಳು. ಕಳಿಸಿಕೊಟ್ಟ ದಿನ ಸಂಜೆ ದಾಕ್ಷಕ್ಕ ನನ್ನ ಕೈ ಹಿಡಿದು, "ಮಾಡಿದ್ದು ಸರಿಯೋ ತಪ್ಪೋ ನಂಗೆ ಗೊತ್ತಾಗೋ ಹಂಗೇ ಇಲ್ಲ ಕಣೇ. ಹುಟ್ಟದೇ ಹೋದ ಮಗೀಗೆ ಕೆಮ್ಮು ಇರ್ತಿತ್ತೋ ಇಲ್ವೋ, ಯಾರ್ನ ಕೇಳ್ಲಿ?" ಅಂದಳು. ಎಲ್ಲರಿಗೂ "ಆಯ್ತು ಬುಡು" ಅನ್ನುತ್ತಿದ್ದವಳಿಗೆ ಆ ಮಾತನ್ನು ತಿರುಗಿ ಹೇಳಲು ನನಗೆ ನಾಲಿಗೆ ಬರಲಿಲ್ಲ.

ಚೈತ್ರ ಬಾಣಂತನಕ್ಕೆ ತವರಿಗೆ ಬಂದಳು. ಮಗುವನ್ನು ಆಸ್ಪತ್ರೆಯಿಂದ ತಂದ ದಿನ ನಾನೂ ಇದ್ದೆ. ಚೈತ್ರ ನೇರ ಬಂದು ಮಗುವನ್ನು ದಾಕ್ಷಕ್ಕನ ಮಡಿಲಿಗೆ ಹಾಕಿದಳು. ದಾಕ್ಷಕ್ಕ ಅಷ್ಟು ಹೊತ್ತಿಗೆ ಮನೆಯೊಳಗೆ ನಡೆದರೂ ಏದುಸಿರು ಬಿಡುವ ಹಾಗಾಗಿದ್ದಳು, ಮಾರ್ಕ್ಸು ಮೂವತ್ತರ ಆಸುಪಾಸಿಗೆ ಇಳಿದಿತ್ತು. ಅವಳು ಬಾಗಿ ಮಗುವಿನ ಎದೆಗೆ ಕಿವಿಯಿಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ತನ್ನ ಉಸಿರಿನ ಸದ್ದೇ ಅಡ್ಡ ಬರುತ್ತದೆಂದು ನಡುನಡುವೆ ಉಸಿರು ಬಿಗಿಹಿಡಿಯುತ್ತಿದ್ದಳು. ಆಮೇಲೆ ಮುಖವೆತ್ತಿ, "ಗಾಳಿ ತಿಳಿಯಾಗಿ ಓಡಾಡ್ತೈತೆ ಕಣವ್ವ. ಗುಂಡಿಗೇನೂ ಎಡಗಡೇನೇ ಐತೆ" ಅಂದಳು. ಚೈತ್ರ ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತಳು. ಅತ್ತೆಯ ಮಂಡಿಗೆ ತಲೆಯಿಟ್ಟು ಅತ್ತಳು ಅನ್ನುವುದೇ ದಾಕ್ಷಕ್ಕನಿಗೆ ಸಾಕಾಗಿತ್ತು.

ಹೋದ ವರ್ಷ ಕಾರ್ತಿಕ ಮಾಸದಲ್ಲಿ ದಾಕ್ಷಕ್ಕ ತೀರಿಕೊಂಡಳು. ಮನೆಯಲ್ಲೇ, ಮಧ್ಯಾಹ್ನದ ಹೊತ್ತು, ಸವಿತಳ ತೋಳಿಗೆ ಒರಗಿಕೊಂಡು. ಪುಷ್ಪಕ್ಕ ಅವತ್ತು ಬಂದಳು. ಬಾಗಿಲಲ್ಲೇ ಕುಸಿದು ಕೂತ ಅವಳನ್ನು ಚೈತ್ರ ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ದಾಕ್ಷಕ್ಕ ಹೋಗುವ ಹೊತ್ತಿಗೆ ನಾನು ತಲುಪಿರಲಿಲ್ಲ. ಹಾಗಾಗಿ ನನಗೆ ಅವಳ ಕೊನೆಯ ಭೇಟಿಯೆಂದರೆ ಅದಕ್ಕೆ ಕೆಲವು ವಾರ ಮೊದಲು ಬೆಂಗಳೂರಿಗೆ ಹೋಗಿಬಂದ ದಿನ.

ರೈಲು ಹತ್ತುವುದು ಆಗಲೇ ನಿಂತುಹೋಗಿತ್ತು. ಮೊದಲೆಲ್ಲ ಬಾಣಸಂದ್ರದಲ್ಲಿ ಸರಸರ ಹತ್ತಿ ಬರುತ್ತಿದ್ದವಳು ಬರುಬರುತ್ತ ಬಾಗಿಲ ಕಂಬಿ ಹಿಡಿದು ನಿಲ್ಲತೊಡಗಿದಳು, ಆಮೇಲೆ ನಾನೇ ಇಳಿದು ಕೈ ಕೊಟ್ಟು ಎಳೆದುಕೊಳ್ಳಬೇಕಾಯಿತು. ಈ ಸಲ ಶೇಖರ ಕಾರು ಮಾಡಿದ್ದ. ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರು, ಮೂಗಿಗೆ ಕೊಳವೆ. ಅಷ್ಟಾದರೂ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಬಾಯಿ ಮುಚ್ಚಿ ಮೂಗಿನಲ್ಲಿ ಎಳೆದು, ತುಟಿ ಚೂಪು ಮಾಡಿ ಊದಿ, ಅಭ್ಯಾಸ ಮಾಡುತ್ತಿದ್ದಳು.

ಡಾಕ್ಟರು ಬಹಳ ಪ್ರೀತಿಯಿಂದ ಮಾತಾಡಿಸಿದರು. ನಿದ್ದೆ ಬರುತ್ತದಾ, ಏನು ಊಟ ಮಾಡಬೇಕು ಅನ್ನಿಸುತ್ತದೆ ಅಂತ ಕೇಳಿದರು. ಮನೆಯಲ್ಲೇ ಆಮ್ಲಜನಕದ ಮಿಷನ್ನು ಇಟ್ಟುಕೊಳ್ಳಿ ಅಂದರು. ಶೇಖರನನ್ನು ಹೊರಗೆ ಕರೆದು ಬೇರೆ ಮಾತಾಡಿದರು. ದಾಕ್ಷಕ್ಕ ವೀಲ್‌ಚೇರಿನಲ್ಲಿ ಕೂತು ಕಾಯುತ್ತಿದ್ದಳು. ನಾವು ಆ ಗಾಜಿನ ಬಾಗಿಲಿನ ಮುಂದೆಯೇ ಹೋಗಬೇಕಿತ್ತು. ರೇಖಾ ಹೊರಗೆ ಬಂದು ಅವಳ ಕೈ ಹಿಡಿದುಕೊಂಡಳು.

"ಚೆನ್ನಾಗಿದ್ದೀರಾ ಅಕ್ಕಾ?"

"ಬಂದೆ ಕಣವ್ವ. ಈಗ್ಲೇ ಊದ್ಲಾ?"

ರೇಖಾ ನನ್ನ ಕಡೆ ನೋಡಿದಳು. "ಇವತ್ತು ಊದೋದು ಬೇಡ ಅಕ್ಕಾ. ಆರಾಮ ಮಾಡಿ."

"ಯಾಕೆ ಬೇಡ? ಊದ್ತೀನಿ. ನಿನ್ನೆಯಿಂದ ಕಫ ಎಲ್ಲ ತೆಗೆದೀವ್ನಿ."

"ಮುಂದಿನ ಸಲ ನೋಡೋಣ ಅಕ್ಕಾ."

ಇಷ್ಟು ವರ್ಷ ಹಾಕಿ, ಹಾಕಿ, ಇನ್ನೂ ಐತೆ ಅಂತ ಕೂಗಿದ್ದ ಆ ಹುಡುಗಿಯ ದನಿ ಕೇಳಿಸದಷ್ಟು ಸಣ್ಣಗಿತ್ತು. ಕೈ ಬಿಡಿಸಿಕೊಂಡು ಬೇಗ ಒಳಗೆ ಹೋದಳು.

ಕಾರು ಊರು ಬಿಟ್ಟು ಹೆದ್ದಾರಿಗೆ ಬಿದ್ದ ಮೇಲೆ ದಾಕ್ಷಕ್ಕ ಕೇಳಿದಳು, "ಯಾಕೆ ಊದಿಸ್ಲಿಲ್ಲ ಸರೋಜ?"

"ಮಿಷನ್ ಕೆಟ್ಟೈತಂತೆ ಅಕ್ಕ" ಅಂದೆ.

ಅವಳು ಮೂಗಿನ ಕೊಳವೆ ಸರಿಮಾಡಿಕೊಂಡಳು. ಆಮೇಲೆ, ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತ, "ನಾವು ಬರೋವಾಗ... ಒಳಗೆ ಇನ್ಯಾರೋ... ಊದ್ತಾ ಇದ್ರು ಕಣೇ" ಅಂದಳು.

ಮುಂದಿನ ಸೀಟಿನಲ್ಲಿದ್ದ ಶೇಖರ ರಸ್ತೆಯ ಕಡೆಗೇ ನೋಡುತ್ತಿದ್ದ. ನಾನು ಅವಳ ಅಂಗೈಯನ್ನು ನನ್ನ ಅಂಗೈಯಲ್ಲಿಟ್ಟುಕೊಂಡು ಕೂತೆ. ಬೆರಳ ತುದಿಗಳು ದಪ್ಪಗಾಗಿ, ಉಗುರು ನೀಲಿಯಾಗಿದ್ದವು.

ಕ್ಯಾತ್ಸಂದ್ರದ ಹತ್ತಿರ ಬಂದಾಗ ಅವಳೇ ಶೇಖರನ ಭುಜ ತಟ್ಟಿ ಕಾರು ನಿಲ್ಲಿಸಿದಳು. ತಟ್ಟೆ ಇಡ್ಲಿ ಬೇಕಂತೆ. ಅವನು ಓಡಿಹೋಗಿ ಕಾರಿಗೇ ತಂದುಕೊಟ್ಟ, ಬಿಸಿಬಿಸಿ ಇಡ್ಲಿ, ಮೇಲೆ ಬೆಣ್ಣೆ ಕರಗುತ್ತಿತ್ತು. ಅವಳು ಒಂದು ತುತ್ತು ಮುರಿದು ಬಾಯಿಗಿಟ್ಟಳು. ಅಗಿಯುತ್ತಿದ್ದರೆ ಉಸಿರು ಸಿಗಲಿಲ್ಲ. ಬಾಯಿಂದ ತೆಗೆದುಬಿಟ್ಟಳು. ತಟ್ಟೆಯ ಅಂಚು ಹಿಡಿದು ನನ್ನ ತೊಡೆಯ ಮೇಲೆ ಇಟ್ಟಳು.

"ನೀನು ತಿನ್ನು" ಅಂದಳು. "ನಾನು ನೋಡ್ತೀನಿ."

ಬೇಡ ಅಂದೆ. ಅವಳು ಮಾತಾಡಲಾರದೆ ಗಲ್ಲ ಎತ್ತಿ ಇಡ್ಲಿಯನ್ನು ತೋರಿಸಿದಳು. ನಾನು ತಿಂದೆ. ಪೂರ್ತಿ ತಿಂದೆ. ಅವಳು ಸೀಟಿಗೆ ಒರಗಿ, ತುಟಿ ಚೂಪು ಮಾಡಿ ಉಸಿರು ಬಿಡುತ್ತ, ನಾನು ತಿನ್ನುವುದನ್ನೇ ನೋಡುತ್ತ ಕೂತಿದ್ದಳು.